ಮುಚ್ಚಿದ ಪೊಟ್ಟಣ

ಭಾನುವಾರದ ಪೂಜೆ ಮುಗಿದು ದೊಡ್ಡವರು ಒಬ್ಬರನ್ನೊಬ್ಬರು ಮಾತಾಡಿಸುತ್ತ ನಿಂತಿರುವಾಗ ಮಕ್ಕಳು ಬೇವಿನ ಮರದ ಕಟ್ಟೆಗೆ ಓಡುತ್ತಾರೆ. ಅಲ್ಲಿ ಒಂದು ಕಾಲಕ್ಕೆ ಗೋಲಿ ಇರುತ್ತಿತ್ತು, ಇನ್ನೊಂದು ಕಾಲಕ್ಕೆ ಬುಗುರಿ. ಈ ವರ್ಷ ಕಾರ್ಡು ಮತ್ತು ದಾಳ ಬಂದಿವೆ. ಡಬ್ಬಿ ಅಂಗಡಿಯಲ್ಲಿ ಹತ್ತು ರೂಪಾಯಿಗೆ ಒಂದು ಪೊಟ್ಟಣ. ಒಳಗೆ ರೆಕ್ಕೆಯಿರುವ ರಾಕ್ಷಸನದೋ ಬೆಂಕಿ ಉಗುಳುವ ಮೃಗದ್ದೋ ಚಿತ್ರವಿರುವ ಒಂದು ಕಾರ್ಡು, ಕಡಲೆಕಾಳಿನಷ್ಟು ದೊಡ್ಡದಾದ ಒಂದು ಪ್ಲಾಸ್ಟಿಕ್ ದಾಳ, ನಾಲಿಗೆ ಕೆಂಪಾಗಿಸುವ ಎರಡು ಸಿಹಿ ಗುಳಿಗೆ. ಹೊರಗಿನಿಂದ ನೋಡಿದರೆ ಎಲ್ಲ ಪೊಟ್ಟಣಗಳೂ ಒಂದೇ. ಒಳಗೆ ಯಾವ ಚಿತ್ರವಿದೆ ಎಂಬುದು ಹರಿದ ಮೇಲೆಯೇ ಗೊತ್ತಾಗಬೇಕು.

ಈ ಆಟ ಆಡಬಹುದೋ ಬಾರದೋ, ಇದು ಜೂಜಲ್ಲವೇ ಎಂದು ಸಿರ್ಗಾಪುರದ ಕೆಲವು ತಾಯಂದಿರು ಧರ್ಮೋಪದೇಶ ತರಗತಿ ನಡೆಸುವ ನಮ್ಮನ್ನು ಕೇಳಿದರು. ತಿಳಿಯದ ಆಟದ ಮೇಲೆ ತೀರ್ಪು ಕೊಡುವುದು ಸರಿಯಲ್ಲವೆಂದು ನಾವೇ ಮಕ್ಕಳ ಜೊತೆ ಕಟ್ಟೆಯ ಮೇಲೆ ಕೂತು ಎರಡು ಭಾನುವಾರ ಆಡಿದೆವು.

ಮೊದಲು ಕಂಡದ್ದು ಸಂತೋಷವೇ. ಸುಳ್ಳು ಹೇಳಬಾರದು. ನಮ್ಮ ಮಕ್ಕಳ ಓದು ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ನಡೆಯುತ್ತದೆ, ಪ್ರಾರ್ಥನೆ ಕನ್ನಡದಲ್ಲಿ, ಜಗಳ ಉರ್ದುವಿನಲ್ಲಿ. ಕಟ್ಟೆಯ ಮೇಲೆ ಇವೆಲ್ಲ ಒಂದೇ ಆಗಿದ್ದವು. ಕನ್ನಡ ಗೀತೆಗೆ ತುಟಿ ಬಿಚ್ಚದ ಹುಡುಗನೊಬ್ಬ ಇಲ್ಲಿ ಮೂರು ಭಾಷೆಯಲ್ಲಿ ಕೂಡುವ ಲೆಕ್ಕ ಒಪ್ಪಿಸುತ್ತಿದ್ದ. ಆಟವೂ ಸುಲಭ. ಇಬ್ಬರೂ ಒಂದೊಂದು ಕಾರ್ಡು ಇಡಬೇಕು, ಒಂದೊಂದು ಸಲ ದಾಳ ಉರುಳಿಸಬೇಕು. ಕಾರ್ಡಿನ ಮೇಲೆ ಬರೆದ ಬಲಕ್ಕೆ, ದಾಳದ ಪ್ರತಿ ಚುಕ್ಕೆಗೆ ಹತ್ತರಂತೆ ಕೂಡಿಸಬೇಕು. ಹೆಚ್ಚು ಬಂದವನು ಗೆದ್ದ. ಆಮೇಲೆ ಕಾರ್ಡು ವಾಪಸು ಕೊಟ್ಟರೆ ಅದು ‘ಕಚ್ಚಾ’ ಆಟ, ಸೋತವನ ಕಾರ್ಡನ್ನು ಗೆದ್ದವನು ಇಟ್ಟುಕೊಂಡರೆ ‘ಪಕ್ಕಾ’ ಆಟ. ಈ ಹೆಸರುಗಳು ಪೊಟ್ಟಣದ ಮೇಲೆ ಇಲ್ಲ, ಮಕ್ಕಳೇ ಇಟ್ಟದ್ದು.

ನಾವು ಸೋತೆವು. ಸೋತದ್ದು ಹೇಗೆಂದು ಮನೆಗೆ ಬಂದು ಯೋಚಿಸಿದಾಗ ಆಟದ ಗುಟ್ಟು ಹೊಳೆಯಿತು. ನಮ್ಮ ಕೈಯಲ್ಲಿದ್ದ ಸಾದಾ ಕಾರ್ಡಿನ ಬಲ 20. ಎದುರಿಗಿದ್ದ ಹುಡುಗನ ಹೊಳೆಯುವ ಕಾರ್ಡಿನ ಬಲ 90. ಅದನ್ನು ಅವರು ‘ಬಂಗಾರದ್ದು’ ಎನ್ನುತ್ತಾರೆ. ನಮಗೆ ದಾಳದಲ್ಲಿ ಆರೇ ಬೀಳಲಿ, 20ಕ್ಕೆ 60 ಸೇರಿ 80. ಅವನಿಗೆ ಒಂದೇ ಬೀಳಲಿ, 90ಕ್ಕೆ 10 ಸೇರಿ 100. ಇಡೀ ದಿನ ಉರುಳಿಸಿದರೂ ಸಾದಾ ಕಾರ್ಡು ಬಂಗಾರದ್ದನ್ನು ಸೋಲಿಸಲಾರದು. ದಾಳ ಉರುಳುತ್ತದೆ, ಮಕ್ಕಳು ಕೂಗುತ್ತಾರೆ, ಗೆಲುವು ಅದೃಷ್ಟದಿಂದ ಬಂತೆಂದು ಎಲ್ಲರೂ ನಂಬುತ್ತಾರೆ. ಆದರೆ ಆಟ ಕಟ್ಟೆಗೆ ಬರುವ ಮೊದಲೇ, ಡಬ್ಬಿ ಅಂಗಡಿಯ ಮುಂದೆಯೇ ಮುಗಿದಿರುತ್ತದೆ. ಯಾರು ಹೆಚ್ಚು ಪೊಟ್ಟಣ ಹರಿದರೋ ಅವರ ಕೈಯಲ್ಲಿ ಬಂಗಾರದ್ದು.

ಹೆಚ್ಚು ಎಂದರೆ ಎಷ್ಟು? ಪೊಟ್ಟಣದ ಹಿಂಬದಿಯಲ್ಲಿ ಇಪ್ಪತ್ತು ಚಿತ್ರಗಳ ಪಟ್ಟಿಯಿದೆ, ಎಲ್ಲವನ್ನೂ ಕೂಡಿಡು ಎನ್ನುವ ಮಾತಿದೆ. ಇಪ್ಪತ್ತು ಚಿತ್ರಕ್ಕೆ ಇಪ್ಪತ್ತು ಪೊಟ್ಟಣ, ಇನ್ನೂರು ರೂಪಾಯಿ ಎಂದು ಮಕ್ಕಳು ಲೆಕ್ಕ ಹಾಕಿದ್ದರು. ಇದು ತಪ್ಪೆಂದು ಬಾಯಿಮಾತಿನಲ್ಲಿ ಹೇಳಿದರೆ ಯಾರೂ ಒಪ್ಪಲಿಲ್ಲ. ಆಗ ಅವರದೇ ದಾಳ ತೆಗೆದುಕೊಂಡು ಒಂದು ಪರೀಕ್ಷೆ ಮಾಡಿದೆವು. ಮನೆಯಲ್ಲಿ ನೀವೂ ಮಾಡಿ ನೋಡಬಹುದು. ದಾಳಕ್ಕೆ ಆರು ಮುಖ. ಆರೂ ಮುಖ ಒಂದೊಂದು ಸಲವಾದರೂ ಬೀಳುವವರೆಗೆ ಉರುಳಿಸುತ್ತ ಹೋಗಬೇಕು, ಎಷ್ಟು ಎಸೆತವಾಯಿತೆಂದು ಬರೆದುಕೊಳ್ಳಬೇಕು. ಒಬ್ಬಳಿಗೆ ಹನ್ನೊಂದರಲ್ಲಿ ಮುಗಿಯಿತು. ಇನ್ನೊಬ್ಬನಿಗೆ ಇಪ್ಪತ್ತಾರಾದರೂ ಮೂರು ಬೀಳಲೇ ಇಲ್ಲ, ಅಳು ಬಂತು. ಗಣಿತದ ಲೆಕ್ಕದಲ್ಲಿ ಸರಾಸರಿ 14.7 ಎಸೆತ ಬೇಕು. ಮೊದಲ ಮುಖ ಒಂದೇ ಎಸೆತಕ್ಕೆ ಸಿಗುತ್ತದೆ. ಉಳಿದ ಕೊನೆಯ ಒಂದು ಮುಖಕ್ಕೇ ಸರಾಸರಿ ಆರು ಎಸೆತ ಹೋಗುತ್ತದೆ.

ಇಪ್ಪತ್ತು ಚಿತ್ರಕ್ಕೆ ಇದೇ ಲೆಕ್ಕ ಹಚ್ಚಿದರೆ, ಎಲ್ಲ ಚಿತ್ರಗಳನ್ನೂ ಸಮನಾಗಿ ತುಂಬಿದ್ದಾರೆಂದು ನಂಬಿದರೂ, ಸರಾಸರಿ 72 ಪೊಟ್ಟಣ ಬೇಕು. 720 ರೂಪಾಯಿ. ಅದರಲ್ಲಿ ಮೊದಲ ಹತ್ತು ಚಿತ್ರಗಳು ಹದಿಮೂರು ಹದಿನಾಲ್ಕು ಪೊಟ್ಟಣದಲ್ಲೇ ಬಂದುಬಿಡುತ್ತವೆ. ಅಲ್ಲಿಗೆ ಮಗುವಿಗೆ ಅರ್ಧ ದಾರಿ ಬಂದೆ ಅನಿಸುತ್ತದೆ. ಉಳಿದ ಹತ್ತಕ್ಕೆ ಸುಮಾರು ಐವತ್ತೆಂಟು ಪೊಟ್ಟಣ. ಬಂಗಾರದ್ದನ್ನು ಕಡಿಮೆ ತುಂಬಿದ್ದರೆ, ತುಂಬಿರುವುದು ಹಾಗೆಯೇ ಕಾಣುತ್ತದೆ, ಈ ಲೆಕ್ಕವೂ ಸಾಲದು. ಎಷ್ಟು ಪೊಟ್ಟಣಕ್ಕೆ ಒಂದು ಬಂಗಾರದ್ದು ಎಂದು ಪೊಟ್ಟಣದ ಮೇಲೆ ಎಲ್ಲೂ ಬರೆದಿಲ್ಲ. 2024-25ರಲ್ಲಿ ತೆಲಂಗಾಣದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 300 ರೂಪಾಯಿ. ಬಿಸಿಲಲ್ಲಿ ಎರಡು ದಿನ ಮಣ್ಣು ಹೊತ್ತರೂ ಈ ಇಪ್ಪತ್ತು ರಾಕ್ಷಸರು ಕೈಗೆ ಬರುವುದಿಲ್ಲ.

ಆ ಎರಡು ಭಾನುವಾರವೂ ಕಟ್ಟೆಯ ಪಕ್ಕ ಒಬ್ಬ ಹುಡುಗ ನಿಂತೇ ಇದ್ದ. ತಾಯಿ ತೊಗರಿ ಹೊಲದ ಕೂಲಿಗೆ ಹೋಗುವವರು. ಎಲ್ಲರ ದಾಳವನ್ನೂ ಅಂಗೈಯಲ್ಲಿ ಹಿಡಿದುಕೊಂಡು ಯಾರ ಸರದಿಯೋ ಅವರಿಗೆ ಕೊಡುತ್ತಿದ್ದ. ಯಾರಿಗೆ ಎಷ್ಟಾಯಿತೆಂದು ಎಲ್ಲರಿಗಿಂತ ಮೊದಲು ಹೇಳುತ್ತಿದ್ದ. ನೀನೂ ಆಡು, ನಮ್ಮ ಕಾರ್ಡು ತಗೋ ಎಂದರೆ, “ನಾ ಆಡಂಗಿಲ್ರಿ ಟೀಚರ್, ನಾ ಲೆಕ್ಕ ಹಿಡಿತೀನಿ” ಎಂದ. ಅವನ ಹತ್ತಿರ ಒಂದೂ ಕಾರ್ಡಿರಲಿಲ್ಲ. ಆಡುವ ಮನಸ್ಸಿಲ್ಲದ ಹುಡುಗ ಎರಡು ವಾರ ಕಾಲು ನೋವಾಗುವ ತನಕ ಯಾಕೆ ನಿಲ್ಲುತ್ತಾನೆ? ತನಗಿಲ್ಲದ ಆಟದಲ್ಲಿ ತನಗೊಂದು ಕೆಲಸ ಹುಡುಕಿಕೊಂಡಿದ್ದ, ಅಷ್ಟೇ. ತಾಯಂದಿರು ಜೂಜಿನ ಪ್ರಶ್ನೆ ಕೇಳಿದ್ದರು. ಅವನನ್ನು ನೋಡಿದ ಮೇಲೆ ನಮಗೆ ಬೇರೆ ಪ್ರಶ್ನೆಯೂ ಸೇರಿಕೊಂಡಿತು.

ಈ ಉಪಾಯ ನಮ್ಮ ಸಂತೆಯಲ್ಲಿ ಹುಟ್ಟಿದ್ದಲ್ಲ. 1971ರಲ್ಲಿ ಜಪಾನಿನ ಕ್ಯಾಲ್ಬೀ ಕಂಪನಿ ತನ್ನ ಕುರುಕಲು ತಿಂಡಿಯ ಜೊತೆ ‘ಕಾಮೆನ್ ರೈಡರ್’ ಎಂಬ ಟಿವಿ ವೀರನ ಕಾರ್ಡು ಕೊಟ್ಟಿತು. ಮಕ್ಕಳು ಕಾರ್ಡು ತೆಗೆದುಕೊಂಡು ತಿಂಡಿಯನ್ನು ಬೀದಿಗೆಸೆಯತೊಡಗಿ ಅಲ್ಲಿ ದೊಡ್ಡ ಚರ್ಚೆಯೇ ಆಯಿತು. 1993ರಲ್ಲಿ ಅಮೆರಿಕದಲ್ಲಿ ‘ಮ್ಯಾಜಿಕ್: ದ ಗ್ಯಾದರಿಂಗ್’ ಬಂದ ಮೇಲೆ ತಿಂಡಿಯ ನೆಪವೂ ಬೇಕಾಗಲಿಲ್ಲ, ಮುಚ್ಚಿದ ಪೊಟ್ಟಣವನ್ನೇ ನೇರವಾಗಿ ಮಾರಿದರು. ಕಾರ್ಡಿನ ಜೊತೆ ದಾಳವನ್ನೂ ಸೇರಿಸಿ 2016ರಲ್ಲಿ ಬಂದದ್ದು ‘ಸ್ಟಾರ್ ವಾರ್ಸ್: ಡೆಸ್ಟಿನಿ’. ಒಂದು ಪೊಟ್ಟಣದಲ್ಲಿ ಐದು ಕಾರ್ಡು, ಒಂದು ದಾಳ. ಬೆಲೆ 2.99 ಡಾಲರ್, ಅಂದಿನ ಲೆಕ್ಕದಲ್ಲಿ ಸುಮಾರು ಇನ್ನೂರು ರೂಪಾಯಿ. ನಾಲ್ಕು ವರ್ಷ ನಡೆದು 2020ರಲ್ಲಿ ಅದನ್ನು ನಿಲ್ಲಿಸಿದರು, ಕೂಡಿಟ್ಟವರ ಮನೆಯಲ್ಲಿ ಡಬ್ಬಿಗಟ್ಟಲೆ ದಾಳ ಉಳಿದವು. ಇದೇ ಮುಚ್ಚಿದ ಪೊಟ್ಟಣ ಈಗ ಮೊಬೈಲ್ ಆಟಗಳ ಒಳಗೂ ಇದೆ. ಕೆಲವು ವಿಡಿಯೋ ಆಟಗಳಲ್ಲಿ ಹಣ ಕೊಟ್ಟು ತೆರೆಯುವ ಇಂಥ ಪೆಟ್ಟಿಗೆ ಜೂಜೇ ಎಂದು 2018ರಲ್ಲಿ ಬೆಲ್ಜಿಯಂ ದೇಶದ ಜೂಜು ಆಯೋಗ ಹೇಳಿತು. ನಮ್ಮಲ್ಲೂ ಹಲವರು ಚಿಕ್ಕಂದಿನಲ್ಲಿ ಚಿಪ್ಸ್ ಪೊಟ್ಟಣದ ಟಾಜೋ, ಬಬಲ್‌ಗಮ್ಮಿನ ಕ್ರಿಕೆಟ್ ಕಾರ್ಡು ಕೂಡಿಟ್ಟವರೇ. ಹಾಗಾಗಿ ಮಕ್ಕಳ ಮೇಲೆ ಕಣ್ಣು ಕೆಂಪು ಮಾಡುವ ಹಕ್ಕು ನಮಗೆ ಅಷ್ಟಾಗಿ ಇಲ್ಲ.

ದಾಳವೇ ಪಾಪವೆನ್ನುವವರೂ ಇದ್ದಾರೆ. ಅದನ್ನು ನಾವು ಒಪ್ಪುವುದಿಲ್ಲ. ನಮ್ಮ ಅಜ್ಜಿಯರು ಇದ್ದಿಲಿನಿಂದ ನೆಲದ ಮೇಲೆ ಮನೆ ಬರೆದು ಚೌಕಾಬಾರ ಆಡುತ್ತಿದ್ದರು. ಹುಣಸೆ ಬೀಜವನ್ನು ಕಲ್ಲಿಗೆ ತಿಕ್ಕಿ ಒಂದು ಬದಿ ಬಿಳಿ ಮಾಡಿದರೆ ದಾಳ ತಯಾರು, ಬಳೆಚೂರು ಕಾಯಿ. ಬೀಜ ಹೇಗೆ ಬಿದ್ದರೂ ಅದು ಗೌಡರ ಸೊಸೆಗೂ ಕೂಲಿಯವಳ ಮಗಳಿಗೂ ಒಂದೇ ರೀತಿ ಬೀಳುತ್ತಿತ್ತು. ನಮ್ಮ ತೆಲಂಗಾಣದ ನಿರ್ಮಲ್‌ನಲ್ಲಿ ಚಿತ್ರಗಾರರು ಗಂಜೀಫಾ ಎಲೆಗಳನ್ನು ಕೈಯಿಂದ ಬಿಡಿಸುತ್ತಿದ್ದರು. ಕೊಳ್ಳುವವನು ನೋಡಿಯೇ ಕೊಳ್ಳುತ್ತಿದ್ದ. ಪವಿತ್ರ ಗ್ರಂಥದಲ್ಲೂ ಚೀಟಿ ಎತ್ತಿದ ಪ್ರಸಂಗಗಳು ಎರಡು ಬಗೆಯವು. ಶಿಲುಬೆಯ ಕೆಳಗೆ ಸೈನಿಕರು ಪ್ರಭುವಿನ ಹೊಲಿಗೆಯಿಲ್ಲದ ಅಂಗಿಗೆ ಚೀಟಿ ಹಾಕಿದರು. ಅದೇ ಚೀಟಿಯಿಂದ, ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯದಲ್ಲಿ, ಯೂದನ ಸ್ಥಾನಕ್ಕೆ ಮತ್ತೀಯನು ಆಯ್ಕೆಯಾದನು. ಎರಡೂ ಕಡೆ ಚೀಟಿ ಒಂದೇ. ಒಂದು ಕಡೆ ಇನ್ನೊಬ್ಬನ ಮೈಮೇಲಿನದನ್ನು ಹಂಚಿಕೊಳ್ಳುವ ಆಸೆ, ಇನ್ನೊಂದು ಕಡೆ ನಾನೇ ಆಗಬೇಕೆಂಬ ಆಸೆಯನ್ನು ಬಿಟ್ಟುಕೊಟ್ಟ ಪ್ರಾರ್ಥನೆ.

ಸಂತ ಫ್ರಾನ್ಸಿಸ್ ಡಿ ಸೇಲ್ಸ್ ಇಷ್ಟು ಸಡಿಲ ಬಿಡುವವರಲ್ಲ. 1609ರಲ್ಲಿ ಸಾಮಾನ್ಯ ಜನರಿಗಾಗಿ ಬರೆದ ಭಕ್ತಿಜೀವನದ ಪುಸ್ತಕದಲ್ಲಿ ಅವರು ದಾಳ ಮತ್ತು ಇಸ್ಪೀಟಿನಂಥ ಆಟಗಳನ್ನು ಬೇಡವೆಂದೇ ಹೇಳುತ್ತಾರೆ. ಅವರ ಕಾರಣ ಮುಖ್ಯವಾದದ್ದು: ಅಲ್ಲಿನ ಲಾಭ ದುಡಿಮೆಗೂ ಜಾಣತನಕ್ಕೂ ಸಿಕ್ಕ ಪ್ರತಿಫಲವಲ್ಲ, ಇಬ್ಬರೂ ಒಪ್ಪಿ ಆಡಿದ ಮಾತ್ರಕ್ಕೆ ಅದು ನ್ಯಾಯವಾಗುವುದಿಲ್ಲ. ಕಚ್ಚಾ ಆಟದಲ್ಲಿ ಲಾಭವೇ ಇಲ್ಲವಾದ್ದರಿಂದ ಸಂತರ ಮಾತು ಅದಕ್ಕೆ ತಾಗಲಾರದು ಅನಿಸುತ್ತದೆ. ಪಕ್ಕಾ ಆಟಕ್ಕೆ ತಾಗುತ್ತದೆ. ಆದರೆ ಎಲ್ಲಕ್ಕಿಂತ ನೇರವಾಗಿ ತಾಗುವುದು ಅಂಗಡಿಯ ಮುಂದೆ ಪೊಟ್ಟಣ ಹರಿಯುವ ಆ ಒಂದು ಗಳಿಗೆಗೆ. ಅಲ್ಲಿ ಮಗುವಿನ ಎದುರಾಳಿ ಗೆಳೆಯನಲ್ಲ, ಎಂದೂ ಸೋಲದ ಕಾರ್ಖಾನೆ.

ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ 2413ನೆಯ ವಿಭಾಗದಲ್ಲಿ ಈ ವಿಷಯಕ್ಕೆ ಬರುತ್ತದೆ. ಅದೃಷ್ಟದ ಆಟ ತನ್ನಷ್ಟಕ್ಕೆ ತಾನೇ ಅನ್ಯಾಯವೆಂದು ಅದು ಹೇಳುವುದಿಲ್ಲ. ಒಬ್ಬನ ಮತ್ತು ಅವನನ್ನು ನಂಬಿದವರ ಅಗತ್ಯಕ್ಕೆ ಬೇಕಾದದ್ದನ್ನು ಆಟ ಕಸಿದುಕೊಂಡರೆ ಅಲ್ಲಿ ತಪ್ಪು ಶುರು. ಆಟದ ಗೀಳು ಮನುಷ್ಯನನ್ನು ಗುಲಾಮನನ್ನಾಗಿ ಮಾಡಬಹುದೆಂಬ ಎಚ್ಚರಿಕೆಯೂ ಇದೆ. ಸಮನಲ್ಲದ ಪಂದ್ಯ, ಆಟದಲ್ಲಿನ ಮೋಸ ಇವು ಗಂಭೀರ ವಿಷಯ ಎನ್ನುತ್ತದೆ, ಆದರೆ ಒಂದು ವಿನಾಯಿತಿ ಇಟ್ಟು: ಆದ ನಷ್ಟ ತೀರ ಸಣ್ಣದಾಗಿದ್ದು, ಅನುಭವಿಸಿದವನೇ ಅದನ್ನು ದೊಡ್ಡದೆಂದು ಎಣಿಸಲು ಕಾರಣವಿಲ್ಲದಿದ್ದರೆ ಬೇರೆ ಮಾತು.

ಈ ವಿನಾಯಿತಿಯ ಮೇಲೆ ನಮ್ಮ ನಮ್ಮಲ್ಲೇ ಬಹಳ ಹೊತ್ತು ವಾದವಾಯಿತು. ಹತ್ತು ರೂಪಾಯಿ ತೀರ ಸಣ್ಣದಲ್ಲವೇ, ಇದಕ್ಕೆ ಧರ್ಮೋಪದೇಶ ಗ್ರಂಥ ತೆರೆಯಬೇಕೇ ಎಂದರು ಒಬ್ಬರು. ಆದರೆ ನಷ್ಟವನ್ನು ಅಳೆಯುವ ಕೋಲು ಮಾರುವವನ ಕೈಯಲ್ಲಿ ಇಲ್ಲ, ನೋಡುವವರ ಕೈಯಲ್ಲೂ ಇಲ್ಲ, ಕಳೆದುಕೊಂಡವನ ಕೈಯಲ್ಲಿದೆ. ಟ್ರ್ಯಾಕ್ಟರ್ ಇರುವ ಮನೆಯ ಹುಡುಗನಿಗೆ ಹತ್ತು ರೂಪಾಯಿ ಸಣ್ಣದು. ಲೆಕ್ಕ ಹಿಡಿಯುವ ಹುಡುಗನ ಮನೆಯಲ್ಲಿ ಅದು ನಾಳೆಯ ಹಾಲು. ಅಷ್ಟೇ ಅಲ್ಲ, ಮಾರುವವನು ಒಂದು ಹತ್ತನ್ನು ಲೆಕ್ಕಕ್ಕೆ ಹಿಡಿದಿಲ್ಲ, ಎಪ್ಪತ್ತೆರಡು ಹತ್ತನ್ನು ಹಿಡಿದಿದ್ದಾನೆ. ಸಣ್ಣದೆಂದು ನಮಗೆ ಅನಿಸುವಂತೆ ಅದನ್ನು ಚೂರು ಚೂರು ಮಾಡಿದ್ದಾನೆ. ಡಬ್ಬಿ ಅಂಗಡಿಯವರನ್ನು ಇದಕ್ಕೆ ಬೈಯುವುದು ಬೇಡ. ಅವರಿಗೆ ಪೊಟ್ಟಣಕ್ಕೆ ಸಿಗುವುದು ಚಿಲ್ಲರೆ, ಒಳಗೇನಿದೆ ಎಂದು ಅವರಿಗೂ ಗೊತ್ತಿಲ್ಲ.

ಹಾಗಾದರೆ ನಿಲ್ಲಿಸಿಬಿಡಬೇಕೇ? ನಮ್ಮಲ್ಲಿ ಒಬ್ಬರು ಅದನ್ನೂ ಮಾಡಿ ನೋಡಿದರು. ಒಂದು ಭಾನುವಾರ ಎಲ್ಲರ ಕಾರ್ಡು ಕಸಿದು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಮುಂದಿನ ವಾರ ಆಟ ಕಟ್ಟೆಯಿಂದ ನೀರಿನ ಟ್ಯಾಂಕಿನ ಹಿಂದಕ್ಕೆ ಹೋಯಿತು. ಕಟ್ಟೆಯ ಮೇಲೆ ಕಚ್ಚಾ ಆಗಿದ್ದದ್ದು ಅಲ್ಲಿ ಪಕ್ಕಾ ಆಯಿತು. ಸಂತ ಲೂಯಿ ಅರಸರ ಕಥೆ ನೆನಪಾಯಿತು. 1250ರಲ್ಲಿ ಈಜಿಪ್ಟಿನ ಸೆರೆಯಿಂದ ಬಿಡುಗಡೆಯಾಗಿ ಹಡಗಿನಲ್ಲಿ ಹೋಗುವಾಗ ತಮ್ಮನಾದ ಆಂಜೂವಿನ ದೊರೆ ಗೋತಿಯೇ ಎಂಬವನೊಡನೆ ಜೂಜಾಡುತ್ತಿದ್ದಾನೆಂದು ಅರಸರಿಗೆ ತಿಳಿಯಿತು. ಕಾಯಿಲೆಯ ಮೈಯಲ್ಲೇ ತೂರಾಡುತ್ತ ಎದ್ದು ಬಂದು ದಾಳವನ್ನೂ ಹಲಗೆಯನ್ನೂ ಸಮುದ್ರಕ್ಕೆ ಎಸೆದರು. ಇದನ್ನು ಫ್ರಾನ್ಸಿಸ್ ಡಿ ಸೇಲ್ಸರೂ ಮೆಚ್ಚಿ ಹೇಳುತ್ತಾರೆ. ಆದರೆ ಅರಸರ ಜೊತೆಗಿದ್ದ ಜ್ವಾನ್‌ವೀಲ್ ಎಂಬ ಸರದಾರ ಇನ್ನೊಂದು ಮಾತನ್ನೂ ಬರೆದಿಟ್ಟಿದ್ದಾನೆ: ಆ ಗಲಾಟೆಯಲ್ಲಿ ಹೆಚ್ಚು ಲಾಭವಾದದ್ದು ಗೋತಿಯೇಗೆ, ಹಲಗೆಯ ಮೇಲಿದ್ದ ಹಣವನ್ನೆಲ್ಲ ಅವನು ಮಡಿಲಿಗೆ ಬಾಚಿಕೊಂಡನಂತೆ. ಕಪಾಟಿನ ಬೀಗ ತೆಗೆದು ಕಾರ್ಡು ವಾಪಸು ಕೊಟ್ಟೆವು.

ಅದೇ ದಿನ ಆರನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಗಾಗಿಯೇ ಈ ಬರಹ ಇಷ್ಟು ಉದ್ದವಾದದ್ದು. ಕಾಣದ್ದಕ್ಕೆ ಹಣ ಕೊಡಬಾರದು, ಒಳಗೇನಿದೆ ಎಂದು ಹೇಳದೆ ಮಾರುವುದು ಸರಿಯಲ್ಲ ಎಂದು ನಾವು ಹೇಳಿ ಮುಗಿಸಿದ್ದೆವು. ಅವಳು ಎದ್ದು ನಿಂತು, “ಟೀಚರ್, ಹಬ್ಬದಾಗ ನೀವು ಇಡೋ ಲಕ್ಕಿ ಡಿಪ್ ಬಿ ಹಿಂಗೇ ಅದಲ್ರಿ?” ಎಂದಳು.

ಹೌದು, ಹಾಗೆಯೇ ಇದೆ. ಧರ್ಮಕೇಂದ್ರದ ಹಬ್ಬದ ದಿನ ಹಳೆಯ ಸುದ್ದಿಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣಗಳನ್ನು ಡಬ್ಬಿಯಲ್ಲಿ ಹಾಕಿ, ಹತ್ತು ರೂಪಾಯಿಗೆ ಒಂದು ಎತ್ತು ಎಂದು ಕೂಗುವವರು ನಾವೇ. ಹೆಚ್ಚಿನದರಲ್ಲಿ ಪೆನ್ನು, ಹೇರ್‌ಪಿನ್ನು, ಸೋಪು. ಒಂದರಲ್ಲಿ ಗೋಡೆ ಗಡಿಯಾರ. ಆ ಗಡಿಯಾರವನ್ನು ಎಲ್ಲರಿಗೂ ಕಾಣುವಂತೆ ಮೊದಲೇ ತೋರಿಸುತ್ತೇವೆ, ಪೆನ್ನನ್ನು ತೋರಿಸುವುದಿಲ್ಲ. ತಂಬೋಲದ ಮಾತು ಹಾಗಿರಲಿ. ಹಣ ದೇವಾಲಯದ ಕೆಲಸಕ್ಕೆ ಹೋಗುತ್ತದೆ ಎಂಬ ಉತ್ತರ ನಾಲಿಗೆ ತುದಿಗೆ ಬಂದಿತ್ತು. ಒಳ್ಳೆಯ ಕೆಲಸಕ್ಕೆಂದು ತಪ್ಪು ದಾರಿ ಹಿಡಿಯಬಾರದೆಂದು ಹಿಂದಿನ ತಿಂಗಳಷ್ಟೇ ಅದೇ ಮಕ್ಕಳಿಗೆ ಪಾಠ ಮಾಡಿದ್ದೆವು. ನಾಲಿಗೆ ಕಚ್ಚಿಕೊಂಡೆವು. ನಿಜ, ದೊಡ್ಡವರು ಲಕ್ಕಿ ಡಿಪ್ ಚೀಟಿ ಕೊಳ್ಳುವಾಗ ಅದು ಕಾಣಿಕೆ ಎಂದು ತಿಳಿದೇ ಕೊಳ್ಳುತ್ತಾರೆ, ಪೆನ್ನು ಬಂದರೆ ನಗುತ್ತಾರೆ. ಡಬ್ಬಿಯ ಮುಂದೆ ಮೂರನೆಯ ಹತ್ತರ ನೋಟು ಹಿಡಿದು ನಿಂತ ಏಳು ವರ್ಷದ ಮಗುವಿಗೆ ಆ ತಿಳಿವಳಿಕೆ ಇಲ್ಲ. ಅದಕ್ಕೆ ಬೇಕಾಗಿರುವುದು ಗಡಿಯಾರ.

ಸಂತ ಬರ್ನರ್ಡಿನರ ಬಗ್ಗೆ ಹಿಂದಿನಿಂದ ಬಂದ ಒಂದು ಕಥೆಯಿದೆ. ಹದಿನೈದನೆಯ ಶತಮಾನದಲ್ಲಿ ಇಟಲಿಯ ಊರೂರಿನಲ್ಲಿ ಜೂಜಿನ ವಿರುದ್ಧ ಅವರು ಬೋಧಿಸಿದಾಗ ಜನ ಇಸ್ಪೀಟು, ದಾಳಗಳನ್ನು ತಂದು ಬೆಂಕಿಗೆ ಹಾಕಿದರು. ಇಸ್ಪೀಟಿನ ಚಿತ್ರ ಬಿಡಿಸಿ ಹೊಟ್ಟೆ ಹೊರೆಯುತ್ತಿದ್ದವನೊಬ್ಬ ಬಂದು ನನ್ನ ಗತಿಯೇನೆಂದು ಅತ್ತ. ಸಂತರು ಕಿರಣಗಳ ನಡುವೆ ಯೇಸುನಾಮದ ಅಕ್ಷರಗಳನ್ನು ಬರೆದುಕೊಟ್ಟು ಇದನ್ನು ಬಿಡಿಸು ಎಂದರಂತೆ. ಹಳೆಯದನ್ನು ಕಿತ್ತುಕೊಂಡವರು ಬೇರೊಂದನ್ನು ಕೈಗೆ ಕೊಟ್ಟರು ಎಂಬುದು ನಮಗೆ ಹಿಡಿಸಿತು.

ಹಾಗಾಗಿ ತರಗತಿಯಲ್ಲಿ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಮಕ್ಕಳಿಂದಲೇ ಕಾರ್ಡು ಮಾಡಿಸಿದೆವು. ಯಾವ ಚಿತ್ರ ಬೇಕಾದರೂ ಬಿಡಿಸಲಿ, ಯಾವ ಬಲ ಬೇಕಾದರೂ ಬರೆಯಲಿ ಎಂದೆವು. ಕೂಡಲೇ ಎಲ್ಲರೂ ಎಲ್ಲ ಕಾರ್ಡಿನ ಮೇಲೂ 90 ಬರೆದರು, ಆಟ ಕೆಟ್ಟಿತು. ಆಗ ಲೆಕ್ಕ ಹಿಡಿಯುವ ಹುಡುಗ, “ಒಬ್ಬರಿಗಿ ಐದೇ ಕಾರ್ಡ್. ಐದರ ಬಲ ಕೂಡಿಸಿದ್ರ ನೂರೈವತ್ತು ದಾಟಬಾರದ್ರಿ” ಎಂದ. 90ರ ಒಂದು ಕಾರ್ಡು ಬೇಕೆಂದರೆ ಉಳಿದ ನಾಲ್ಕಕ್ಕೂ ಸೇರಿ 60 ಮಾತ್ರ. ಯಾವುದನ್ನು ಯಾವಾಗ ಇಡಬೇಕೆಂದು ಯೋಚಿಸಬೇಕಾಯಿತು. ದಾಳಕ್ಕೂ ಬೆಲೆ ಬಂತು. ಆ ದಿನ ಅವನು ಮೂರು ಆಟ ಸೋತು ಒಂದು ಗೆದ್ದ.

ಎಲ್ಲವೂ ಸರಿಹೋಯಿತೆಂದು ಬರೆಯಲು ಆಸೆ, ಆದರೆ ಹೋಗಿಲ್ಲ. ಲಗ್ನಪತ್ರಿಕೆಯ ಹುಲಿ ಬಂಗಾರದ ರಾಕ್ಷಸನಷ್ಟು ಹೊಳೆಯುವುದಿಲ್ಲ. ಮೂರನೆಯ ವಾರಕ್ಕೆ ಮತ್ತೆ ಕೆಲವರ ಜೇಬಿನಲ್ಲಿ ಪೊಟ್ಟಣ ಕಂಡವು. ಮುಂದಿನದರಲ್ಲಿ ಬಂದೇ ಬರ್ತದೆ ಎನ್ನುವ ಮಾತೂ ಕೇಳಿಸಿತು. ಹೆತ್ತವರಲ್ಲಿ ನಮ್ಮ ಕೋರಿಕೆ ಇಷ್ಟೇ: ಮಗು ಪೊಟ್ಟಣ ಕೇಳಿದಾಗ ಒಂದೇ ಏಟಿಗೆ ಇಲ್ಲವೆನ್ನುವ ಬದಲು ದಾಳದ ಆ ಪರೀಕ್ಷೆಯನ್ನು ಒಂದು ಸಂಜೆ ಜೊತೆಗೆ ಕೂತು ಮಾಡಿ.

ಲಕ್ಕಿ ಡಿಪ್ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಡಬ್ಬಿಯಲ್ಲಿ ಎಷ್ಟು ಪೆನ್ನು, ಎಷ್ಟು ಸೋಪು, ಎಷ್ಟು ಗಡಿಯಾರ ಎಂದು ದೊಡ್ಡ ಅಕ್ಷರದಲ್ಲಿ ಹಲಗೆಯ ಮೇಲೆ ಬರೆದಿಡೋಣ, ಮಕ್ಕಳಿಗೆ ಒಂದಕ್ಕಿಂತ ಹೆಚ್ಚು ಕೊಡುವುದು ಬೇಡ ಎಂದು ಕೆಲವರ ಮಾತು. ಹಾಗೆ ಬರೆದರೆ ಯಾರೂ ಕೊಳ್ಳುವುದಿಲ್ಲ, ಹಬ್ಬದ ಖರ್ಚು ಏಳುವುದಿಲ್ಲ ಎಂದು ಇನ್ನು ಕೆಲವರದು. ಹಬ್ಬದ ತಯಾರಿಯ ಸಭೆಯಲ್ಲಿ ಇದನ್ನು ಗುರುಗಳ ಮುಂದೆ ಇಡಲಿದ್ದೇವೆ. ಪ್ರಶ್ನೆ ಕೇಳಿದ ಹುಡುಗಿಗೂ ತಾಯಿಯ ಜೊತೆ ಬರಲು ಹೇಳಿದ್ದೇವೆ.